ಕೆಲವೇ ಗಂಟೆಗಳ ಹೊಗೆ ಹೃದಯಕ್ಕೆ ಕೇಡೇ?

ಪ್ರಶ್ನೆ: ನನಗೆ 61 ವರ್ಷ. ಹೃದಯಾಘಾತವಾದ ಮೇಲೆ ಸ್ಟೆಂಟ್ ಹಾಕಿಸಿಕೊಂಡಿದ್ದೇನೆ, ಬಿಪಿ ಮಾತ್ರೆಯನ್ನು ತಪ್ಪಿಸುವುದಿಲ್ಲ. ವಾಹನಗಳ ಹೊಗೆ ದಟ್ಟವಾಗಿರುವ ದಿನ ವಾಕಿಂಗ್ ಮುಗಿಸಿ ಬಂದರೆ ಬಿಪಿ ತುಸು ಹೆಚ್ಚಿರುತ್ತದೆ, ಕೆಲವೊಮ್ಮೆ ಎದೆ ಬಿಗಿದಂತಾಗುತ್ತದೆ. ಮಾಲಿನ್ಯದಿಂದ ಕೆಡುವುದು ಶ್ವಾಸಕೋಶ, ಅದೂ ವರ್ಷಗಟ್ಟಲೆ ಉಸಿರಾಡಿದರೆ ಎಂದು ಮನೆಯವರು ಹೇಳುತ್ತಾರೆ. ಒಂದೆರಡು ಗಂಟೆಯ ಹೊಗೆಯಿಂದ ಹೃದಯಕ್ಕೆ ತೊಂದರೆಯಾಗಬಲ್ಲದೇ? ಮಾಸ್ಕ್ ಹಾಕಿಕೊಂಡರೆ ಸಾಕೇ?

ಉತ್ತರ: ಆಗಬಲ್ಲದು. ಆದರೆ ಅದಕ್ಕಿಂತ ಮೊದಲು ನಿಮ್ಮ ಎದೆಬಿಗಿತದ ವಿಚಾರ. ಸ್ಟೆಂಟ್ ಹಾಕಿಸಿಕೊಂಡವರಿಗೆ ನಡೆಯುವಾಗ ಎದೆ ಬಿಗಿದರೆ, ಅದಕ್ಕೆ ಹೊಗೆಯೇ ಕಾರಣವೆಂದು ತಾವೇ ತೀರ್ಮಾನಿಸಿಕೊಳ್ಳುವಂತಿಲ್ಲ; ರಕ್ತನಾಳ ಮತ್ತೆ ಕಿರಿದಾಗಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ. ಒಂದೆರಡು ದಿನಗಳಲ್ಲೇ ಹೃದ್ರೋಗ ತಜ್ಞರನ್ನು ಕಾಣಿರಿ, ಅಲ್ಲಿಯವರೆಗೆ ವಾಕಿಂಗ್ ಬೇಡ. ಸುಮ್ಮನೆ ಕುಳಿತಾಗಲೂ ಬಿಗಿತ ಬಂದರೆ, ಅಥವಾ ಕೆಲವೇ ನಿಮಿಷಗಳಲ್ಲಿ ಇಳಿಯದಿದ್ದರೆ, ತಕ್ಷಣ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.

ಇನ್ನು ಮನೆಯವರ ವಾದ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಕ್ಷ್ಮಕಣಗಳಿಗೆ ಎರಡು ಪ್ರತ್ಯೇಕ ಮಿತಿಗಳನ್ನು ಸೂಚಿಸಿತು: ಒಂದು ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 5 ಮೈಕ್ರೊಗ್ರಾಂ, 24 ಗಂಟೆಗಳ ಸರಾಸರಿ 15 ಮೈಕ್ರೊಗ್ರಾಂ. ವರ್ಷಗಟ್ಟಲೆಯ ಉಸಿರಾಟವೊಂದೇ ಕೆಡುಕಾಗಿದ್ದರೆ ಒಂದು ದಿನದ ಮಿತಿಗೆ ಅರ್ಥವಿರುತ್ತಿರಲಿಲ್ಲ.

ಇಲ್ಲಿ ಮುಖ್ಯ ಅಪರಾಧಿಗಳು ಈ ಸೂಕ್ಷ್ಮಕಣಗಳೇ, ಅಂದರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ಮೂಗಿನ ಕೂದಲು, ಗಂಟಲಿನ ಲೋಳೆ ಯಾವುದಕ್ಕೂ ಸಿಕ್ಕದೆ ಇವು ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪುತ್ತವೆ. ಅಲ್ಲಿನ ನರತುದಿಗಳು ಕೆರಳಿದೊಡನೆ, ಅಪಾಯ ಎದುರಾದಾಗ ದೇಹವನ್ನು ಎಚ್ಚರಿಸುವ ನರವ್ಯೂಹವೇ ಚುರುಕಾಗಿ, ರಕ್ತನಾಳಗಳು ಸಂಕುಚಿಸಿ ಬಿಪಿ ಏರುತ್ತದೆ. ಇದಕ್ಕೆ ನಿಮಿಷಗಳು ಸಾಕು. ಮುಂದಿನ ಗಂಟೆಗಳಲ್ಲಿ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ, ರಕ್ತನಾಳದ ಒಳಪದರವು ನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡನ್ನು ಸಾಕಷ್ಟು ಒದಗಿಸಲಾರದಾಗುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ.

ನಿಮ್ಮ ಸ್ಥಿತಿಗೆ ಬಹಳ ಹತ್ತಿರವಾದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಪುರುಷರು ಒಂದು ದಿನ ತೆಳುಗೊಳಿಸಿದ ಡೀಸೆಲ್ ಹೊಗೆಯಲ್ಲಿ, ಇನ್ನೊಂದು ದಿನ ಶೋಧಿಸಿದ ಗಾಳಿಯಲ್ಲಿ ಒಂದು ಗಂಟೆ ಕಳೆದರು. ನಡುನಡುವೆ ವ್ಯಾಯಾಮದ ಸೈಕಲ್ ತುಳಿದರು. ವ್ಯಾಯಾಮದ ವೇಳೆ ಹೃದಯದ ಸ್ನಾಯುವಿಗೆ ರಕ್ತ ಸಾಲದಾದುದನ್ನು ತೋರಿಸುವ ಇಸಿಜಿ ಬದಲಾವಣೆ ಹೊಗೆಯ ದಿನ ಹೆಚ್ಚಾಗಿತ್ತು, ಹೆಪ್ಪನ್ನು ಕರಗಿಸುವ ಟಿಪಿಎ ಎಂಬ ವಸ್ತುವಿನ ಸ್ರಾವ ಕಡಿಮೆಯಾಗಿತ್ತು. ಅವರಿಗೆ ಎದೆನೋವು ಬರಲಿಲ್ಲ ಎಂಬುದು ನನಗೆ ಸಮಾಧಾನದ ಸಂಗತಿಯಾಗಿ ಕಾಣುವುದಿಲ್ಲ. ನೋವಿಲ್ಲದೆಯೂ ಹೃದಯ ಬಳಲುತ್ತದೆ ಎಂದಷ್ಟೇ ಅದರ ತಾತ್ಪರ್ಯ.

ಹಾಗೆಂದು ಹೊಗೆಯ ದಿನ ಹೊರಗೆ ಹೋದವರಿಗೆಲ್ಲ ಹೃದಯಾಘಾತವಾಗುವುದಿಲ್ಲ. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ಹೆಚ್ಚುವ ಅಪಾಯ ಅಲ್ಪ, ಆರೋಗ್ಯವಂತ ಯುವಕರಿಗೆ ಅದು ಅರಿವಿಗೂ ಬಾರದು. ಆದರೆ ರಕ್ತನಾಳದಲ್ಲಿ ಕೊಬ್ಬಿನ ಗಂಟು ಈಗಾಗಲೇ ಇರುವವರಲ್ಲಿ, ಮಧುಮೇಹಿಗಳಲ್ಲಿ, ವೃದ್ಧರಲ್ಲಿ ಅದು ಕೊನೆಯ ನೂಕಾಗಬಲ್ಲದು.

ಮಾಸ್ಕ್ ಸಾಕೇ ಎಂದರೆ, ಬಟ್ಟೆಯದು ಸಾಲದು. ಮೂಗಿನ ಇಕ್ಕೆಲಗಳಲ್ಲಿ ಸಂದಿಲ್ಲದಂತೆ ಕೂರುವ ಎನ್95 ಬಗೆಯದು ಕಣಗಳನ್ನು ತಡೆಯುತ್ತದೆ. ಬೀಜಿಂಗ್‌ನಲ್ಲಿ 98 ಹೃದ್ರೋಗಿಗಳನ್ನು ಸಮರ್ಥ ಮಾಸ್ಕ್ ಹಾಕಿಸಿಯೂ ಹಾಕಿಸದೆಯೂ ನಡೆಸಿ ನೋಡಿದ ಅಧ್ಯಯನದಲ್ಲಿ, ಮಾಸ್ಕ್ ಇದ್ದಾಗ ಬಿಪಿಯೂ ಇಸಿಜಿ ಬದಲಾವಣೆಗಳೂ ಕಡಿಮೆಯಿದ್ದವು. ಆದರೆ ಕಾರ್ಬನ್ ಮೊನಾಕ್ಸೈಡ್, ನೈಟ್ರೊಜನ್ ಡೈಆಕ್ಸೈಡ್‌ನಂಥ ಅನಿಲಗಳು ಅದರೊಳಗೂ ನುಸುಳುತ್ತವೆ. ಆದ್ದರಿಂದ ವೈದ್ಯರು ಮತ್ತೆ ವಾಕಿಂಗ್‌ಗೆ ಅನುಮತಿಯಿತ್ತ ಮೇಲೆ, ವಾಹನ ದಟ್ಟಣೆಯಿಲ್ಲದ ಹೊತ್ತನ್ನೂ ಮುಖ್ಯರಸ್ತೆಯಿಂದ ದೂರದ ದಾರಿಯನ್ನೂ ಆರಿಸಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಗಾಳಿ ತೀರಾ ಕೆಟ್ಟ ದಿನ ಕಿಟಕಿ ಮುಚ್ಚಿ ಒಳಗೇ ನಡೆದಾಡಿರಿ.

ಬಿಪಿ ಏರಿತೆಂದು ಮಾತ್ರೆಯ ಪ್ರಮಾಣವನ್ನು ನೀವೇ ಬದಲಿಸಬೇಡಿ. ಈವರೆಗಿನ ಹೊಗೆಯ ದಿನಗಳ ಮತ್ತು ಉಳಿದ ದಿನಗಳ ಬಿಪಿಯನ್ನು ಬರೆದಿಟ್ಟಿದ್ದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಿರಿ.