ಹಳದಿ ಬೋರ್ಡ್ ಡಿಸೈರ್‌ಗೆ ಇನ್ಶೂರೆನ್ಸ್ ದುಬಾರಿ: ಕಂಪನಿ ಬದಲಿಸಿದರೆ ಕಡಿಮೆ ಆಗುತ್ತಾ?

ಸ್ವಲ್ಪ ಕಡಿಮೆ ಆಗಬಹುದು ಸರ್, ಆದರೆ ಪೂರ್ತಿ ಮೊತ್ತದ ಮೇಲೆ ಅಲ್ಲ. ಥರ್ಡ್ ಪಾರ್ಟಿ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ದರ ಸರ್ಕಾರವೇ ನಿಗದಿ ಮಾಡುತ್ತದೆ, ಯಾವ ಕಂಪನಿಗೆ ಹೋದರೂ ಅಷ್ಟೇ. 2022ರ ಜೂನ್ ದರಪಟ್ಟಿಯಲ್ಲಿ 1000ರಿಂದ 1500 ಸಿಸಿ ಟ್ಯಾಕ್ಸಿಗೆ 7,940 ರೂಪಾಯಿ, ಮೇಲೆ ತಲಾ ಪ್ರಯಾಣಿಕರಿಗೆ 978. ನಾಲ್ಕು ಸೀಟಿಗೆ 11,852, ಜಿಎಸ್‌ಟಿ ಬೇರೆ! ಅಷ್ಟೇ ಸಿಸಿಯ ಸ್ವಂತ ಕಾರಿಗೆ ಬರೀ 3,416. ಹೊಟ್ಟೆ ಉರಿಯುತ್ತೆ, ಅಲ್ವಾ?

ಚೌಕಾಸಿಗೆ ಜಾಗ ಇರುವುದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಗೇ ಆಗುವ ಹಾನಿಯ ಭಾಗದಲ್ಲಿ. ನೀವು ಕ್ಲೇಮ್ ಮಾಡಿಲ್ಲದಿದ್ದರೆ ನಿಮ್ಮ ಎನ್‌ಸಿಬಿ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಹೊಸ ಕಂಪನಿಗೂ ಬರುತ್ತದೆ, ಬಿಡಬೇಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಅದು ಹೋಯಿತು. ಏಜೆಂಟರು ಸುಮ್ನೆ ಐಡಿವಿ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುತ್ತಾರೆ, ಗಾಡಿ ಕಳುವಾದರೆ ಸಿಗುವ ದುಡ್ಡೂ ಅಷ್ಟೇ ಇಳಿಯುತ್ತದೆ. ಕೊಟೇಶನ್ ಹೋಲಿಸುವಾಗ ಮೊದಲು ಅದನ್ನೇ ನೋಡಿ.