ರಜೆಯಲ್ಲಿ ಮನೆ ಕಟ್ಟಲು ಹೊರಟ ಮಗಳು

ಪ್ರಶ್ನೆ: ಅಮೆರಿಕದ ಕಾಲೇಜೊಂದರಲ್ಲಿ ಎರಡನೆಯ ವರ್ಷ ಓದುತ್ತಿರುವ ನನ್ನ ಮಗಳು, ಮಾರ್ಚ್ ತಿಂಗಳ ಸ್ಪ್ರಿಂಗ್ ಬ್ರೇಕ್‌ನಲ್ಲಿ, ಅಂದರೆ ವಸಂತದ ರಜೆಯಲ್ಲಿ, ಸಹಪಾಠಿಗಳೊಂದಿಗೆ ಬೇರೆ ರಾಜ್ಯಕ್ಕೆ ಹೋಗಿ ಬಡವರಿಗೆ ಪುಕ್ಕಟೆ ಮನೆ ಕಟ್ಟಿಕೊಡುವ ಸಂಸ್ಥೆಯಲ್ಲಿ ದುಡಿಯುತ್ತೇನೆಂದು ಹಠ ಹಿಡಿದಿದ್ದಾಳೆ. ಅದಕ್ಕೆ ಅವಳೇ ಹಣ ಕಟ್ಟಬೇಕಂತೆ. ಸುತ್ತಿಗೆ ಹಿಡಿದು ಗೊತ್ತಿಲ್ಲದ ಹುಡುಗಿ ಒಂದು ವಾರದಲ್ಲಿ ಮಾಡುವುದಾದರೂ ಏನು? ಆ ಹಣವನ್ನೇ ದಾನವಾಗಿ ಕೊಟ್ಟರೆ ಸಾಲದೆ? ವಿದ್ಯಾರ್ಥಿ ವೀಸಾಕ್ಕೆ ಇದರಿಂದ ತೊಡಕಾಗುವುದಿಲ್ಲವೆ?
– ಓದುಗರೊಬ್ಬರು

ಉತ್ತರ: ಸ್ಪ್ರಿಂಗ್ ಬ್ರೇಕ್ ಎಂದೊಡನೆ ಫ್ಲಾರಿಡಾದ ಕಡಲತೀರದ ಮೋಜು ನೆನಪಾಗುವುದು ಸಹಜ. ಅದಕ್ಕೆ ಬದಲಾಗಿ ಆ ವಾರವನ್ನು ಸೇವೆಗೆ ಮೀಸಲಿಡುವ ಪದ್ಧತಿಯನ್ನು ಅಲ್ಲಿ ‘ಆಲ್ಟರ್ನೇಟಿವ್ ಬ್ರೇಕ್’ ಎನ್ನುತ್ತಾರೆ. ಇಂಥ ಪ್ರವಾಸಗಳಿಗೆ ಕಾಲೇಜುಗಳನ್ನು ಅಣಿಗೊಳಿಸುವ ‘ಬ್ರೇಕ್ ಅವೇ’ ಎಂಬ ಸಂಸ್ಥೆ 1991ರಲ್ಲಿ ಟೆನೆಸ್ಸಿಯ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಹೊರಡುವ ಮುನ್ನ ಆ ಊರಿನ ಸಮಸ್ಯೆಯನ್ನು ಓದಿ ತಿಳಿಯುವುದು, ಕೆಲಸದ ತರಬೇತಿ ಪಡೆಯುವುದು, ಮದ್ಯ ಮಾದಕಗಳನ್ನು ಪೂರ್ತಿ ದೂರವಿಡುವುದು, ನಡೆದದ್ದನ್ನು ಕುಳಿತು ಚರ್ಚಿಸುವುದು ಅದು ಒತ್ತಿ ಹೇಳುವ ಅಂಶಗಳು.

ಕೈ ಪಳಗದವರಿಂದ ಏನಾದೀತು ಎಂಬ ನಿಮ್ಮ ಸಂದೇಹಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಉತ್ತರವಿದೆ. 2005ರ ಆಗಸ್ಟ್‌ನ ಕತ್ರಿನಾ ಚಂಡಮಾರುತದಿಂದ ಆ ನಗರದ ಸುಮಾರು ಶೇ. 80 ಭಾಗ ನೀರಿನಲ್ಲಿ ಮುಳುಗಿತ್ತು. 2006ರ ವಸಂತದ ರಜೆಗೆ ವಿದ್ಯಾರ್ಥಿಗಳು ಸಾವಿರಗಟ್ಟಲೆಯಾಗಿ ಅಲ್ಲಿಗೆ ಬಂದರು. ಅವರು ಮನೆ ಕಟ್ಟಲಿಲ್ಲ, ಬಿಚ್ಚಿದರು. ನೆನೆದು ಬೂಷ್ಟು ಹಿಡಿದ ಗೋಡೆಹಲಗೆಗಳನ್ನು ಕಿತ್ತು, ಕೊಳೆತ ಆಹಾರ ತುಂಬಿದ ಫ್ರಿಜ್‌ಗಳನ್ನು ಬೀದಿಗೆ ಎಳೆದು ಹಾಕಿ, ಮರದ ಚೌಕಟ್ಟಷ್ಟೇ ಉಳಿಯುವವರೆಗೆ ಒಳಗಿನದನ್ನೆಲ್ಲ ತೆರವು ಮಾಡಿದ ಮೇಲಷ್ಟೇ ಅಂಥ ಮನೆಯನ್ನು ಒಣಗಿಸಿ ದುರಸ್ತಿ ಮಾಡಲು ಸಾಧ್ಯವಿತ್ತು. ಈ ಕೆಲಸಕ್ಕೆ ಬೇಕಾದದ್ದು ಮುಖಗವಸು, ಕೈಗವಸು, ಹೇಳಿಕೊಡುವ ಒಬ್ಬ ಅನುಭವಿ ಮತ್ತು ಬಹಳಷ್ಟು ಕೈಗಳು. ಕೆಲಸವೇ ಹಾಗಿದ್ದಾಗ ಒಂದು ವಾರವೂ ಸಾರ್ಥಕವೇ.

ನಿಮ್ಮ ಮಾತಿನಲ್ಲಿ ಒಂದು ಸಣ್ಣ ತಿದ್ದುಪಡಿಗೆ ಅವಕಾಶವಿದೆ. 1976ರಲ್ಲಿ ಜಾರ್ಜಿಯಾದಲ್ಲಿ ಆರಂಭವಾದ, ವಿದ್ಯಾರ್ಥಿಗಳನ್ನು ಇಂಥ ರಜೆಗಳಲ್ಲಿ ಬರಮಾಡಿಕೊಳ್ಳುವ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ಯಂಥ ಸಂಸ್ಥೆ ಮನೆಯನ್ನು ಪುಕ್ಕಟೆ ಕೊಡುವುದಿಲ್ಲ, ಅಲ್ಲಿ ವಾಸಿಸಲಿರುವ ಕುಟುಂಬವೂ ಸ್ವತಃ ದುಡಿಯುತ್ತದೆ, ಕೈಗೆಟುಕುವ ಸಾಲದ ಕಂತು ಕಟ್ಟಿ ಮನೆಯನ್ನು ತನ್ನದಾಗಿಸಿಕೊಳ್ಳುತ್ತದೆ. ನಿಮ್ಮ ಮಗಳ ಪಕ್ಕದಲ್ಲಿ ಮೊಳೆ ಹೊಡೆಯುವವರು ಆ ಮನೆಯ ಒಡತಿಯೇ ಆಗಿರಬಹುದು.

ಇನ್ನು ದಾನದ ಮಾತು. ಇದು ಹಳೆಯ ಆಕ್ಷೇಪವಾದರೂ ತಳ್ಳಿಹಾಕುವಂಥದ್ದಲ್ಲ. 1968ರಲ್ಲಿ ಇವಾನ್ ಇಲಿಚ್ ಎಂಬ ಚಿಂತಕರು ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಡುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಮಾತನಾಡಿದ್ದರು. ಭಾಷೆ ತಿಳಿಯದ ಊರಿಗೆ ಕರೆಯದೆ ಹೋಗುವವರ ವಿಷಯದಲ್ಲಿ ಅವರ ಸಿಟ್ಟು ನನಗೆ ಇಂದಿಗೂ ಸರಿಯೆನಿಸುತ್ತದೆ. ಆದ್ದರಿಂದ ಈ ಕೆಲಸ ಬೇಕೆಂದು ಕೇಳಿದವರು ಯಾರು, ಕಾಲೇಜಿನವರೋ ಆ ಊರಿನವರೋ, ಮತ್ತು ವಿದ್ಯಾರ್ಥಿಗಳು ಹೊರಟ ಮೇಲೆ ಅದನ್ನು ಮುಂದುವರಿಸುವವರು ಅಲ್ಲಿದ್ದಾರೆಯೆ ಎಂದು ಮಗಳನ್ನು ವಿಚಾರಿಸಿ. ಮನೆಯ ಬದಲು ಅನಾಥ ಮಕ್ಕಳ ಆರೈಕೆಗೆ ಒಂದು ವಾರ ಹೋಗುತ್ತೇನೆಂದಿದ್ದರೆ ಬೇಡವೆಂದೇ ಹೇಳುತ್ತಿದ್ದೆ. ಗೋಡೆಗೆ ಯಾರ ಕೈ ತಾಗಿದರೂ ಒಂದೇ, ಹಚ್ಚಿಕೊಂಡ ಮಗುವಿಗೆ ಹಾಗಲ್ಲ. ಕಟ್ಟುವ ಹಣ ಸಾಮಾನ್ಯವಾಗಿ ಪ್ರಯಾಣ, ಊಟ, ವಸತಿಗಳಿಗೆ ಹೋಗುತ್ತದೆ. ಅದರ ಲೆಕ್ಕ ಕೇಳುವುದರಲ್ಲಿ ಸಂಕೋಚ ಬೇಡ.

ವೀಸಾದ ವಿಚಾರದಲ್ಲಿ, ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ದತ್ತಿ ಸಂಸ್ಥೆಗಳಲ್ಲಿ, ಎಲ್ಲರೂ ಸ್ವಯಂಸೇವಕರಾಗಿಯೇ ಮಾಡುವ ಕೆಲಸವನ್ನು ಯಾವ ಪ್ರತಿಫಲವೂ ಇಲ್ಲದೆ ಮಾಡುವುದು ಸಾಮಾನ್ಯವಾಗಿ ಉದ್ಯೋಗವೆನಿಸುವುದಿಲ್ಲ. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟರೆ ಮಾತು ಬೇರೆ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಸಲಹಾಧಿಕಾರಿಯಿಂದ ಅವಳು ಮುಂಚಿತವಾಗಿ ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಲಿ. ಆರೋಗ್ಯ ವಿಮೆ ಬೇರೆ ರಾಜ್ಯದಲ್ಲೂ ನಡೆಯುತ್ತದೆಯೆ ಎಂಬುದನ್ನೂ, ಟೆಟನಸ್ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂಬುದನ್ನೂ ನೋಡಿಕೊಳ್ಳಲಿ.

ಹಿಂದಿರುಗಿದ ಮೇಲೆ ಅವಳ ಕಾಲೇಜಿನ ಊರಿನಲ್ಲೇ ಮನೆಯಿಲ್ಲದವರಿಗಾಗಿ ಏಪ್ರಿಲ್ ತಿಂಗಳ ಶನಿವಾರಗಳಲ್ಲಿ ಆ ತಂಡ ಏನು ಮಾಡಲಿದೆ ಎಂದೂ ಕೇಳಿ ನೋಡಿ. ಅದಕ್ಕೆ ಅವಳ ಬಳಿ ಉತ್ತರ ಸಿದ್ಧವಿದ್ದರೆ ಹಣ ಕಳುಹಿಸಲು ಹಿಂಜರಿಯಬೇಡಿ.