ಪೈ ಬೆಲೆ 22/7 ಅಂತ ಕಂಡುಹಿಡಿದವರು ಯಾರು? ಅದು ಸರಿಯಾದ ಬೆಲೆನಾ?

ಸರಿಯಾದ ಬೆಲೆ ಅಲ್ಲ, ತುಂಬಾ ಹತ್ತಿರದ ಬೆಲೆ. 22/7 ಅಂದರೆ 3.1428… ಪೈ ಅಂದರೆ 3.1415…

ಕೋಲಾರದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ನಾನು ಮೊದಲು ಮುದ್ದೆ ಉಣ್ಣುವ ತಟ್ಟೆ, ಒಂದು ದಾರ ಕೊಡುತ್ತೇನೆ. ತಟ್ಟೆಯ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿ ನೋಡಿ. ತಟ್ಟೆ ಚಿಕ್ಕದಿರಲಿ, ದೊಡ್ಡದಿರಲಿ, ಮೂರಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅದೇ ಪೈ. ಆ ಸ್ವಲ್ಪ ಎಷ್ಟು ಅಂತ ಜನ ಸಾವಿರಾರು ವರ್ಷ ಹುಡುಕಿದರು.

ಬ್ಯಾಬಿಲೋನಿನವರು 3.125 ಬಳಸಿದ್ದರು. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕರ ಆರ್ಕಿಮಿಡೀಸ್ ದಾರ ಹಿಡಿದು ಅಳೆಯಲಿಲ್ಲ. ವೃತ್ತದ ಒಳಗೊಂದು, ಹೊರಗೊಂದು ಆರು ಬದಿಯ ಆಕೃತಿ ಇಟ್ಟುಕೊಂಡ. ಬದಿಗಳನ್ನು 12, 24, 48, 96 ಹೀಗೆ ದುಪ್ಪಟ್ಟು ಮಾಡುತ್ತಾ ಹೋದ. ವೃತ್ತ ಎರಡರ ನಡುವೆ ಸಿಕ್ಕಿಬಿತ್ತು! ಪೈ 223/71ಕ್ಕಿಂತ ಜಾಸ್ತಿ, 22/7ಕ್ಕಿಂತ ಕಡಿಮೆ ಅಂತ ಸಾಧಿಸಿದ. ಅಂದರೆ ನಿಮ್ಮ 22/7 ಒಂದು ಮೇಲಿನ ಮಿತಿ. ಅವನ ಕಾಲದ ಗ್ರೀಕರಿಗೆ ದಶಮಾಂಶವೇ ಗೊತ್ತಿರಲಿಲ್ಲ ಅನ್ನೋದನ್ನು ನೆನೆದರೆ ನನಗೆ ಈಗಲೂ ಬೆರಗು.

ನಮ್ಮ ಆರ್ಯಭಟ 499ರಲ್ಲಿ 62832/20000, ಅಂದರೆ 3.1416 ಕೊಟ್ಟ. ಇದು ಹತ್ತಿರದ ಬೆಲೆ ಅಷ್ಟೇ ಅಂತಲೂ ಹೇಳಿದ, ಎಷ್ಟು ಎಚ್ಚರ ನೋಡಿ. ಕನ್ನಡ ನಾಡಿನ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ 10ರ ವರ್ಗಮೂಲ ಬಳಸಿದ. ಸುಮಾರು 1400ರ ಹೊತ್ತಿಗೆ ಕೇರಳದ ಮಾಧವ ಆಕೃತಿಗಳನ್ನೇ ಬಿಟ್ಟ. 1 − 1/3 + 1/5 − 1/7… ಹೀಗೆ ಮುಗಿಯದೆ ಕೂಡಿಸಿ ಕಳೆಯುತ್ತಾ ಹೋಗಿ, ನಾಲ್ಕರಿಂದ ಗುಣಿಸಿದರೆ ಪೈ!

ಪೈಗೆ ಈಗಿನ π ಚಿಹ್ನೆ ಮೊದಲು ಬಳಸಿದ್ದು 1706ರಲ್ಲಿ ವಿಲಿಯಂ ಜೋನ್ಸ್. ಯಾವ ಭಿನ್ನರಾಶಿಯೂ ಪೈಗೆ ಸಮ ಆಗಲ್ಲ ಅಂತ 1761ರಲ್ಲಿ ಲ್ಯಾಂಬರ್ಟ್ ಸಾಧಿಸಿದ. ಪರೀಕ್ಷೆಯಲ್ಲಿ ವ್ಯಾಸ 7, 14, 21 ಇದ್ದರೆ 22/7 ಧಾರಾಳವಾಗಿ ಬಳಸಿ, ಲೆಕ್ಕ ಸುಲಭ ಆಗುತ್ತದೆ.